ಔಷಧಿ ಕೊಟ್ಟೇ ನಾಲ್ವರನ್ನು ಕೊಂದೆ

ರಾಕ್ಷಸನನ್ನು ಕೊಲ್ಲುವುದು ಅಂಥ ಕಷ್ಟದ ಕೆಲಸವೇನಲ್ಲ. ವಿಜಯನಗರದಲ್ಲಿ ಇಪ್ಪತ್ತು ವರ್ಷ ಬೀದಿ ನಲ್ಲಿಯಲ್ಲಿ ನೀರು ಹಿಡಿದವಳಿಗೆ ರಾಕ್ಷಸ ಯಾವ ಲೆಕ್ಕ? ನಾನು ಹಾಗೇ ತಿಳಿದಿದ್ದೆ.

ಆ ವರ್ಷ ನನ್ನ ಮಗ ನಾಗರಾಜ ಮಾಗಡಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಎರಡೂ ಕೈ ಮುರಿದುಕೊಂಡ. ಕಾರ್ಖಾನೆಯಲ್ಲಿ ಲೇತ್ ನಡೆಸುವವನು. ಬಲಗೈ ಮೊದಲಿನಂತಾಗುವುದು ಅನುಮಾನ ಎಂದರು ಡಾಕ್ಟರು. ಅವತ್ತಿನಿಂದ ಅವನು ಮಾತು ಬಿಟ್ಟ. ಊಟ ಬೇಕೇನೋ ಎಂದರೆ ಗೋಡೆ ನೋಡುತ್ತಿದ್ದ. ಹೆಂಡತಿ ಸರಸ ಬಾಯಿಗೆ ತುತ್ತಿಟ್ಟರೆ ನುಂಗದೆ ಹಾಗೇ ಇಟ್ಟುಕೊಂಡು ಕೂರುತ್ತಿದ್ದ.

ಮಹಾಲಕ್ಷ್ಮಿ ಲೇಔಟಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಅವನ ಗೆಳೆಯ ಒಂದು ಹಳೇ ಯಂತ್ರ ತಂದು ಮಂಚದ ಪಕ್ಕ ಇಟ್ಟುಹೋದ. ಕರಿ ಪರದೆ, ಹಸಿರು ಅಕ್ಷರ. ಆ ಕಾಲದಲ್ಲಿ ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ನಾನು ಕಾಲನ್ನೂ ತೊಳೆದು ಹೋಗುತ್ತಿದ್ದೆ!

ಅದರಲ್ಲೊಂದು ಆಟ. ನಾಲ್ಕು ಜನ ಪಾತಾಳಕ್ಕೆ ಇಳಿದು ರಾಕ್ಷಸರ ಜೊತೆ ಬಡಿದಾಡಬೇಕು. ಒಂದನೆಯವನು ಮುದುಕ ಕತ್ತಿವೀರ, ಎರಡನೆಯವನು ಎಳೇ ಕತ್ತಿವೀರ, ಮೂರನೆಯವನು ಮಂತ್ರವಾದಿ. ನಾಲ್ಕನೆಯವಳು ಗಾಯಕ್ಕೆ ಔಷಧಿ ಕೊಡುವವಳು. ಅವಳಿಗೆ ನಾಗರಾಜ ಹೆಂಡತಿಯ ಹೆಸರನ್ನೇ ಇಟ್ಟಿದ್ದ. ಅವನಿಗೆ ಕೈಯಿಲ್ಲ, ಆದ್ದರಿಂದ ನಾನೇ ಬೆರಳು.

"ಇಂಗ್ಲಿಷ್ ಬರಲ್ವಲ್ಲೋ ನಂಗೆ!"

"ಆಕಾರ ನೋಡಿ ಒತ್ತಮ್ಮ. ಬಸ್ ನಂಬರ್ ಓದ್ತೀಯಲ್ಲ, ಅಷ್ಟು ಸಾಕು."

ಹಲ್ಲು ಮುರಿದ ಬಾಚಣಿಗೆಯಂಥ ಅಕ್ಷರ ಒತ್ತಿದರೆ ಹೊಡೆತ. ಏಣಿಯಂಥದ್ದು ಒತ್ತಿ, ಯಾರಿಗೆ ಎಂದು ಅಂಕಿ ಒತ್ತಿದರೆ ಔಷಧಿ. ಒಬ್ಬೊಬ್ಬರ ಹೆಸರಿನ ಪಕ್ಕದಲ್ಲಿ ಜೀವ ಎಷ್ಟು ಉಳಿದಿದೆ ಎಂಬ ಅಂಕಿ ಇರುತ್ತದೆ. ಮಗ ಬಾಯಿ ಬಿಟ್ಟ. "ಅದಲ್ಲಮ್ಮ! ಅಯ್ಯೋ, ಅದಲ್ಲ!" ಬೈಗುಳವಾದರೂ ಮಾತು ಮಾತೇ. ನನ್ನನ್ನು ಬೈಯುತ್ತಾ ಬೈಯುತ್ತಾ ಎರಡು ಮುದ್ದೆ ನುಂಗುತ್ತಿದ್ದ.

ಎರಡು ತಿಂಗಳಾದ ಮೇಲೆ ಕಡೇ ರಾಕ್ಷಸ ಸಿಕ್ಕಿದ. ಅವನಿಗೆ ಆರು ಕೈ. ನನ್ನ ಮಗನಿಗೆ ಇಲ್ಲದ್ದೆಲ್ಲ ಅವನಿಗಿತ್ತು. ಯುದ್ಧದ ನಟ್ಟನಡುವೆ ನಾಗರಾಜನಿಗೆ ಬಚ್ಚಲಿಗೆ ಹೋಗಬೇಕಾಯಿತು. ಎರಡೂ ಕೈಗೆ ಪ್ಲಾಸ್ಟರು. ಸರಸ ಜೊತೆಗೆ ಹೋಗಲೇಬೇಕು.

"ಅಮ್ಮ, ನಾನು ಬರೋವರೆಗೂ ಏನೂ ಮುಟ್ಬೇಡ. ಇಲ್ಲಿ ಸತ್ರೆ ಸತ್ತಂಗೇ. ಎರಡು ತಿಂಗಳ ಆಟ ಪೂರ್ತಿ ಅಳಿಸ್ಹೋಗುತ್ತೆ."

"ಹೋಗೋ, ನಂಗೇನ್ ಹೇಳ್ತೀಯ."

ಈ ಆಟದ ರಾಕ್ಷಸರಿಗೆ ಒಂದು ಮರ್ಯಾದೆ ಇದೆ. ನಾವು ನಾಲ್ಕೂ ಜನರಿಗೆ ಕೆಲಸ ಹೇಳಿ ಮುಗಿಸುವವರೆಗೆ ಅವರು ಕೈ ಎತ್ತುವುದಿಲ್ಲ. ನಲ್ಲಿಯ ಹತ್ತಿರ ಅಂಥ ಮರ್ಯಾದೆಯನ್ನು ನಾನು ಕಂಡಿಲ್ಲ. ಸುಮ್ಮನೆ ಕೂತಿದ್ದರೆ ರಾಕ್ಷಸನೂ ಸುಮ್ಮನೆ ನಿಂತಿರುತ್ತಿದ್ದ.

ನಾನು ಕೂರಲಿಲ್ಲ.

ಮುದುಕನಿಗೆ ನಲವತ್ತರಲ್ಲಿ ಮೂವತ್ತೊಂದು ಉಳಿದಿತ್ತು. ಔಷಧಿ ಕೊಟ್ಟರೆ ಪಾಪ ಬರುತ್ತದೆಯೆ? ಹಂಚುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಐವತ್ತು ವರ್ಷ ಬಡಿಸಿದ ಕೈ ಇದು. ಮೊದಲು ಹಿರಿಯರಿಗೆ, ಆಮೇಲೆ ಉಳಿದ ಗಂಡಸರಿಗೆ, ಬಡಿಸುವವಳು ಕೊನೆಗೆ. ಆಟದ ಸರಸಳ ಕೈಯಲ್ಲಿ ಏಣಿ, ಒಂದು ಒತ್ತಿದೆ. ಗಂಡಸರಿಗೆಲ್ಲ ಬಾಚಣಿಗೆ. ಮುದುಕನಿಗೆ ನಲವತ್ತು ತುಂಬಿತು. ರಾಕ್ಷಸ ಸರಸಳಿಗೆ ಒಂದು ಬಿಟ್ಟ. ಇಪ್ಪತ್ತಿದ್ದದ್ದು ಹದಿಮೂರಾಯಿತು.

ಏಣಿ, ಎರಡು. ಎಳೆಯನಿಗೆ ತುಂಬಿತು. ಸರಸ ಏಳಕ್ಕಿಳಿದಳು.

ಏಣಿ, ಮೂರು. ಮಂತ್ರವಾದಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೂ ಪಂಕ್ತಿಯಲ್ಲಿ ಒಬ್ಬನನ್ನು ಬಿಟ್ಟು ಬಡಿಸುವುದುಂಟೆ? ಸರಸಳದು ಎರಡಾಯಿತು. ಯಾರನ್ನು ಹೊಡೆಯಬೇಕೆಂದು ರಾಕ್ಷಸನಿಗೆ ಗೊತ್ತಿತ್ತು. ಯಾರನ್ನು ಉಳಿಸಬೇಕೆಂದು ನನಗೆ ಗೊತ್ತಿರಲಿಲ್ಲ.

ಇನ್ನೇನು ಅವಳ ಸರದಿ ಎಂದು ಬೆರಳು ಎತ್ತಿದೆ. ಅಷ್ಟರಲ್ಲಿ ಮುದುಕನಿಗೆ ಮತ್ತೆ ಮೂರು ಕಡಿಮೆಯಾಗಿದ್ದು ಕಣ್ಣಿಗೆ ಬಿತ್ತು. ಎರಡನೇ ಸಲ ಬಡಿಸಬೇಕಾದವರು ಎಲೆಯ ಮುಂದೆ ಕೂತಿರುವಾಗ ತಾನು ಉಣ್ಣಲು ಕೂರುವುದೆ? ಏಣಿ, ಒಂದು!

ಸರಸ ಸತ್ತಳು.

ಆಮೇಲೆ ಏಣಿ ಒತ್ತಿದರೆ ಯಂತ್ರ ಕುಂಯ್ ಎಂದಿತು. ಎಳೆಯ ಸತ್ತ. ಮಂತ್ರವಾದಿ ಸತ್ತ. ಹೊಟ್ಟೆ ತುಂಬಾ ಔಷಧಿ ಕುಡಿದ ಮುದುಕ ಒಬ್ಬನೇ ಮೂರು ಸುತ್ತು ನಿಂತು, ಅವನೂ ಸತ್ತ. ಪರದೆ ಬರೀ ಕಪ್ಪು.

ನಾಗರಾಜ ಬಂದು ಬಾಗಿಲಲ್ಲೇ ನಿಂತ. ಹಿಂದೆ ಸರಸ. ನಡೆದದ್ದನ್ನು ನಡೆದ ಹಾಗೆ ವರದಿ ಒಪ್ಪಿಸಿದೆ.

"ಅವಳಿಗ್ಯಾಕಮ್ಮ ಕೊಡ್ಲಿಲ್ಲ? ಅವಳಿದ್ರೆ ತಾನೇ ಉಳಿದೋರು ಇರೋದು?"

"ಬಡಿಸೋಳು ಕೊನೇಲಿ ತಾನೇ ಕಣೋ ಉಣ್ಣೋದು?"

ಸರಸ ನಕ್ಕಳು. ಆ ನಗು ಚೆನ್ನಾಗಿರಲಿಲ್ಲ. "ಅತ್ತೆ, ಈಗ ಗಂಟೆ ಮೂರು. ನಿಮಗೆ ಬಡಿಸ್ದೆ, ಇವರಿಗೆ ತಿನ್ನಿಸ್ದೆ. ಬೆಳಗ್ಗೆಯಿಂದ ನಾನು ಒಂದು ಲೋಟ ಕಾಫೀಲಿದೀನಿ. ನಂದು ಎಷ್ಟು ಉಳಿದಿದೆ ಅಂತ ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ಬರಲ್ಲ, ಅಷ್ಟೇ."

ನಾಗರಾಜ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ.

ಮೂರು ದಿನ ಮಾತಿಲ್ಲ, ಊಟವೂ ಅಷ್ಟಕ್ಕಷ್ಟೇ. ತಪ್ಪು ತಿದ್ದಿಕೊಳ್ಳೋಣವೆಂದು ನಾನು ತಟ್ಟೆಗೆ ಅನ್ನ ಸಾರು ಹಾಕಿ, "ಮೊದಲು ನೀನು ಉಣ್ಣೇ" ಎಂದೆ. ಸರಸ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. "ಏನಾದ್ರೂ ಬಿದ್ದಿದ್ಯಾ ಅತ್ತೆ ಇದ್ರಲ್ಲಿ?" ಎಂದಳು!

ಉಂಡಳು, ಅನ್ನಿ. ನಾನು ನೋಡುತ್ತಾ ಕೂತೆ. ಅಷ್ಟೊಂದು ಉಣ್ಣುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ನಾಲ್ಕನೇ ದಿನ ಗೋಡೆಯ ಕಡೆಯಿಂದ ದನಿ ಬಂತು. "ಅಮ್ಮ, ಬಾ. ಹೊಸಬರನ್ನ ಮಾಡೋಣ."

ಓಡಿದೆ. ಕಾಲು ತೊಳೆಯಲೂ ಇಲ್ಲ. ಮೊದಲು ಔಷಧಿಯವಳನ್ನು ಮಾಡಿಸಿದ. ಆಮೇಲೆ ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನಲು ಒಬ್ಬರು ಬೇಕೆಂದು, ಒಂದೊಂದೇ ಅಕ್ಷರದ ಆಕಾರ ಹೇಳಿ ಹೆಸರು ಒತ್ತಿಸಿದ. ಪುಟ್ಟಮ್ಮ. ನನ್ನ ಹೆಸರು! ಇಂಗ್ಲಿಷಿನಲ್ಲಿ ನಾನು ಬರೆದ ಮೊದಲ ಮಾತು ಅದೇ. ಸ್ವಲ್ಪ ಹೆಮ್ಮೆಯೂ ಆಯಿತು.

ಪಾತಾಳದ ಮೊದಲ ಮೆಟ್ಟಿಲಲ್ಲೇ ಇಲಿ ಕಚ್ಚಿ ಪುಟ್ಟಮ್ಮ ಸತ್ತಳು.

"ಔಷಧಿ ಕೊಡ್ಲೇನೋ?"

"ಸುಮ್ನೆ ವೇಸ್ಟು. ಮುಂದಕ್ಕೆ ಒತ್ತಮ್ಮ."

ಒತ್ತಿದೆ.