ಹೆಂಡತಿಗೊಂದು ಬಿಸಿ ಮಸಾಲೆ ದೋಸೆ

ಹೋಟೆಲಿಗೆ ಅಂತ ಹೊರಟಾಗಲೆಲ್ಲ ಯಾರದಾದರೂ ಮನೆಯಲ್ಲಿ ಊಟವಾಗುವುದು ನನ್ನ ಹಣೆಬರಹ. ಮನೆಯಲ್ಲೇ ಉಣ್ಣೋಣ ಅಂತ ಕೂತ ದಿನ ಮನೆಯಲ್ಲಿ ಏನೂ ಇರುವುದಿಲ್ಲ, ಅದು ಬೇರೆ ಮಾತು. ಐವತ್ತರ ದಶಕದಲ್ಲಿ, ಮದುವೆಯಾದ ಹೊಸತರಲ್ಲಿ, ಹೆಂಡತಿಯನ್ನು ಕರೆದುಕೊಂಡು ಚಾಮರಾಜನಗರ, ಗುಂಡ್ಲುಪೇಟೆ ಕಡೆಗೆ ಒಂದು ವಾರದ ರಜಕ್ಕೆ ಹೋಗಿದ್ದೆ. ಆ ವಾರ ನಡೆದದ್ದೆಲ್ಲ ಇದೇ ಕಥೆ.

ನನ್ನ ಹೆಂಡತಿ ಚಾಮರಾಜನಗರದ ಹತ್ತಿರದ ಉಡಿಗಾಲದವಳು. ಅವಳು ಚಿಕ್ಕವಳಿದ್ದಾಗ ಅವಳ ಅಣ್ಣ ಪೇಟೆಗೆ ಹೋದರೆ ಎಲೆಯಲ್ಲಿ ಒಂದು ಮಸಾಲೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದನಂತೆ. ಗಾಡಿ ಊರು ಮುಟ್ಟುವ ಹೊತ್ತಿಗೆ ಅದು ಒದ್ದೆ ಬಟ್ಟೆಯ ಹಾಗಾಗಿರುತ್ತಿತ್ತು. ಅದನ್ನೇ ಮನೆಮಂದಿಯೆಲ್ಲ ಹರಿದು ಹಂಚಿಕೊಂಡು ಚಪ್ಪರಿಸುತ್ತಿದ್ದರಂತೆ. ಆಗಿನಿಂದ ಅವಳಿಗೆ ಒಂದೇ ಆಸೆ. 'ಕಾವಲಿಯಿಂದ ಎದ್ದ ದೋಸೇನ, ಕುರ್ಚಿ ಮೇಲೆ ಕುಂತ್ಕಂಡು, ಇಡೀದು ನಾನೊಬ್ಳೇ ತಿನ್ಬೇಕು.'

ನಾವಿದ್ದ ಮೈಸೂರಿನಲ್ಲಿ ಹೋಟೆಲಿಗೇನು ಬರವಿರಲಿಲ್ಲ. ಆದರೆ ನಮ್ಮವ್ವನ ಕಣ್ಣು ತಪ್ಪಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಹೆಂಗಸರು ಹೋಟೆಲಿಗೆ ಹೋದರೆ ಸಂಸಾರ ಮುಳುಗುತ್ತದೆ ಅಂತ ಅವಳು ನಂಬಿದ್ದಳು. ಹಾಗಾಗಿ ಈ ರಜದಲ್ಲಿ ತಿಂದರೆ ಉಂಟು, ಇಲ್ಲವಾದರೆ ಇನ್ನು ಇಲ್ಲ. ತಿನ್ನಿಸಿಯೇ ತೀರುತ್ತೇನೆ ಅಂತ ನಾನು ಹೆಂಡತಿಗೆ ಮಾತು ಕೊಟ್ಟೆ. ಹೊಸ ಗಂಡ ಅಂದಮೇಲೆ ಇಂಥ ಮಾತೆಲ್ಲ ಬಾಯಿಗೆ ಬಂದೇ ಬರುತ್ತವೆ.

ಹೋಟೆಲಿನ ಮೆಟ್ಟಿಲು

ಬೆಳಗಿನ ರೈಲಿಗೆ ಚಾಮರಾಜನಗರದಲ್ಲಿ ಇಳಿದೆವು. ಸ್ಟೇಷನ್ನಿನ ರಸ್ತೆಯಲ್ಲೇ ಒಂದು ಹೋಟೆಲು. ಒಗ್ಗರಣೆಯ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಗತ್ತಿನಿಂದ 'ನಡಿ' ಅಂದೆ. ಒಂದು ಮೆಟ್ಟಿಲು ಹತ್ತಿದ್ದೆವು ಅಷ್ಟೆ, ಹಿಂದಿನಿಂದ ಯಾರೋ ನನ್ನ ಕೈಯಲ್ಲಿದ್ದ ಟ್ರಂಕನ್ನು ಕಿತ್ತುಕೊಂಡರು.

ಕಳ್ಳ ಅಂತ ತಿರುಗಿದರೆ ಹೆಂಡತಿಯ ದೊಡ್ಡಪ್ಪ. ಅರಿಶಿನದ ವ್ಯಾಪಾರಿ. ಪಂಚೆ, ಅಂಗಿ, ಮೀಸೆ, ಎಲ್ಲವೂ ಹಳದಿ. ಕಳ್ಳನಾಗಿದ್ದರೆ ಕೂಗಿಯಾದರೂ ಬಿಡಿಸಿಕೊಳ್ಳಬಹುದಿತ್ತು.

'ನಾನ್ ಬದುಕಿರವಾಗ ನಮ್ಮನೆ ಕೂಸು ಓಟ್ಲು ಮೆಟ್ಲು ಅತ್ತದಾ?' ಅಂತ ಅವರು ಶುರು ಮಾಡಿದರು. 'ನಂಟ್ರಿಲ್ದೆ ಇರೋ ಊರಾ ಇದು? ನೋಡ್ದೋರು ನನ್ ಮೊಕಕ್ಕೆ ಉಗಿಯಕಿಲ್ವಾ?'

'ಸುಮ್ಮನೆ ಒಂದು ಕಾಫಿ...' ಅಂದೆ.

'ಕಾಪಿ ಮನೇಲಿ ಇಲ್ವಾ? ನಡೀರಿ ನಡೀರಿ.'

ಮನೆಯಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಣ್ಣೆ. ಸಾಕು ಅಂದರೆ ಇನ್ನೊಂದು, ಬೇಡ ಅಂದರೆ ಇನ್ನೆರಡು. ಉಸಿರಾಡಲು ಜಾಗವಿಲ್ಲದಷ್ಟು ತುಂಬಿಸಿದರು. ಮೇಲೆ ದೊಡ್ಡ ದೊಡ್ಡ ಲೋಟದಲ್ಲಿ ಬೆಲ್ಲದ ಕಾಫಿಯೂ ಬಂತು. ನಾವು ಕುಡಿದು ಮುಗಿಸುವುದನ್ನು ದೊಡ್ಡಪ್ಪ ಎದುರಿಗೆ ಕೂತು ನೋಡಿದರು. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

'ನೀವು ಒಸಿ ಒರಗಿಕಳಿ. ನಂಗೆ ಅದ್ಯಾಕೋ ಈ ಮನೆ ಕಾಪಿ ಸೇರಕಿಲ್ಲ. ಓಟ್ಲಿಗೋಗಿ ಒಂದ್ ಲೋಟ ಕುಡ್ಕಂಡ್ ಬತ್ತೀನಿ.'

ಸ್ತ್ರೀಯರಿಗೆ ಪ್ರತ್ಯೇಕ ಸ್ಥಳ

ಮಾರನೆಯ ದಿನ ದೇವಸ್ಥಾನಕ್ಕೆ ಹೋಗಿ ಬರುತ್ತೇವೆ ಅಂತ ಹೇಳಿ ದೊಡ್ಡಪ್ಪನ ಮನೆಯಿಂದ ತಪ್ಪಿಸಿಕೊಂಡೆವು. ದೇವರಿಗೆ ಹೊರಗಿನಿಂದಲೇ ಕೈಮುಗಿದು ಪೇಟೆ ಬೀದಿಗೆ ಬಂದೆವು. ಅಲ್ಲೊಂದು ಹೋಟೆಲಿನಲ್ಲಿ 'ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವಿದೆ' ಅಂತ ಬೋರ್ಡು. ಅದರ ಕೆಳಗೆ ಹೂವಿನ ಚಿತ್ತಾರದ ಪರದೆ. ಪರದೆಯೊಳಗೆ ಯಾರ ಕಣ್ಣಿಗೂ ಬೀಳುವ ಭಯವಿಲ್ಲ. ಇದೇ ಸರಿ ಅಂತ ಹೆಂಡತಿಯನ್ನು ಒಳಗೆ ನುಗ್ಗಿಸಿ ನಾನೂ ನುಗ್ಗಿದೆ.

ಒಳಗೆ ಸ್ತ್ರೀಯರಿಗೆ ಬಿಟ್ಟು ಮಿಕ್ಕೆಲ್ಲಕ್ಕೂ ಸ್ಥಳವಿತ್ತು. ಅಕ್ಕಿ ಮೂಟೆ, ಸೌದೆ, ಒಂದು ಮುರುಕಲು ಬೆಂಚು. ಮೂಲೆಯಲ್ಲಿ ಒಬ್ಬ ಧಡಿಯ ಅಡುಗೆಯವನು ಅಂಗಿಯಿಲ್ಲದೆ ಕೂತು ಗುಡ್ಡೆಗಟ್ಟಲೆ ಈರುಳ್ಳಿ ಹೆಚ್ಚುತ್ತಿದ್ದ. ನಮ್ಮನ್ನು ಕಂಡವನೇ ಚಾಕು ಹಿಡಿದುಕೊಂಡೇ ಎದ್ದು ಪರದೆಯಾಚೆ ಕೂಗಿದ. 'ಯಜಮಾನ್ರೇ, ನಿಜ್ವಾಗ್ಲೂ ಎಂಗಸ್ರು ಬಂದ್ಬುಟ್ಟವ್ರೆ!'

ಯಜಮಾನರು ಓಡಿ ಬಂದರು. ಬೋರ್ಡು ತೂಗುಹಾಕಿದ ಮೇಲೆ ಒಳಗೆ ಬಂದ ಮೊದಲ ಹೆಂಗಸು ನನ್ನ ಹೆಂಡತಿಯಂತೆ. ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ದೋಸೆ ಕಾವಲಿ ಸಂಜೆಗೆ ಮಾತ್ರ ಹಚ್ಚುವುದಾದರೂ ನಮಗಾಗಿ ಈಗಲೇ ಕಾಯಿಸುತ್ತೇನೆ, ಅಲ್ಲಾಡದೆ ಕೂತಿರಿ ಅಂದರು. ಕೂತೆವು. ಅಡುಗೆಯವನು ಮತ್ತೆ ಈರುಳ್ಳಿಗೆ ಕೂತ. ಗಾಳಿ ಬರಲು ಒಂದು ಕಿಂಡಿಯೂ ಇಲ್ಲದ ಕೋಣೆ. ಸ್ವಲ್ಪ ಹೊತ್ತಿಗೆ ಹೆಂಡತಿಯ ಕಣ್ಣಲ್ಲಿ ಧಾರಾಕಾರ. ಮೂಗು ಕೆಂಪಗಾಯಿತು. ಕೊನೆಗೆ ತಡೆಯಲಾರದೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಾ ಹೊರಗೆ ಓಡಿದಳು. ನಾನು ಹಿಂದೆ ಓಡಿದೆ.

ಹೊರಗೆ ಕಾಫಿ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತರು. ಒಬ್ಬ ಹಿರಿಯರು ಲೋಟ ಕೆಳಗಿಟ್ಟು ನನ್ನ ರಟ್ಟೆ ಹಿಡಿದರು.

'ಏನ್ಲಾ, ಮಾನವಂತ್ರ ಮನೆ ಎಣ್ಣುಮಗಳ ಬಲವಂತ ಮಾಡಿ ಓಟ್ಲೊಳಕ್ಕೆ ಎಳ್ಕಂಡ್ ಬಂದಿದ್ದೀಯಾ? ಎಂಗ್ ಅಳ್ತಾ ಅದ ನೋಡು ಕೂಸು!'

'ಅಲ್ಲ ಸ್ವಾಮಿ, ಅದು ಈರುಳ್ಳಿ...'

'ಈರುಳ್ಳಿ ಅಂತೆ ಈರುಳ್ಳಿ! ಕಟ್ಕಂಡೋಳ್ಗೆ ಮನೇಲಿ ಇಟ್ಟಿಕ್ಕಕ್ಕೆ ಆಗ್ದಿದ್ ಮ್ಯಾಲೆ ಮದ್ವೆ ಯಾಕ್ ಆದೆ?' ಆಮೇಲೆ ಅವಳ ಕಡೆ ತಿರುಗಿದರು. 'ಅಳಬ್ಯಾಡ ಕಣವ್ವ, ನಮ್ಮನೆ ಅದ ಬಾ.'

ಬೇಡ ಅಂದರೂ ಕೇಳಲಿಲ್ಲ. ಹಿಂದೆ ನಾಲ್ಕು ಜನ ನಾನು ಓಡಿಹೋಗದ ಹಾಗೆ ಕಾವಲು ಬಂದರು. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆವು. ಯಾರ ಮನೆಯಲ್ಲಿ ಅನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆಯ ಮಸಾಲೆ

ನಾವು ಉಡಿಗಾಲ ಸೇರುವ ಮೊದಲೇ ಸುದ್ದಿ ಸೇರಿತ್ತು. ಅಳಿಯ ಪೇಟೆಯ ಹೋಟೆಲು ಹೋಟೆಲು ಅಲೆಯುತ್ತಿದ್ದಾನೆ ಅಂತ. ಮಾವ ಜಗುಲಿಯಲ್ಲಿ ಕೂತು, ಯಾರೋ ಸತ್ತ ಹಾಗೆ ಮುಖ ಮಾಡಿಕೊಂಡು, 'ನಮ್ಮನೆ ಕೂಳು ಸೇರ್ನಿಲ್ವಾ?' ಅಂದರು. ಹೆಂಡತಿ ಧೈರ್ಯ ಮಾಡಿ ಮಸಾಲೆ ದೋಸೆಯ ಆಸೆ ಹೇಳಿಬಿಟ್ಟಳು.

'ಅಷ್ಟೇ ತಾನೇ?' ಅಂದರು ಅತ್ತೆ. 'ಅದೇನ್ ಮಾ ಇದ್ಯೆ? ನಾ ಮಾಡ್ಕೊಡ್ತೀನಿ.'

ಅತ್ತೆ ಮಸಾಲೆ ದೋಸೆಯನ್ನು ಎಂದೂ ಬಿಸಿಯಾಗಿ ಕಂಡವರಲ್ಲ. ಒಳಗೆ ಆಲೂಗೆಡ್ಡೆ ಇರುತ್ತದೆ ಅನ್ನುವುದಷ್ಟು ಗೊತ್ತಿತ್ತು. ರಾಗಿರೊಟ್ಟಿಯ ಹಂಚಿನ ಮೇಲೆ, ಹೆಬ್ಬೆರಳು ದಪ್ಪಕ್ಕೆ, ಮೊರದಗಲ ಹಿಟ್ಟು ಹುಯ್ದರು. ಅದರ ನಡುವೆ ಒಂದು ಇಡೀ ಬೇಯಿಸಿದ ಆಲೂಗೆಡ್ಡೆ ಇಟ್ಟರು. ಸಿಪ್ಪೆ ತೆಗೆದಿರಲಿಲ್ಲ. ನಾಲ್ಕೂ ಕಡೆಯಿಂದ ಮಡಿಸಿ ಗಂಟು ಕಟ್ಟಿದ ಹಾಗೆ ಮಾಡಿ ನನ್ನ ತಟ್ಟೆಗೆ ಇಳಿಸಿದರು. ತಟ್ಟೆ ಸದ್ದು ಮಾಡಿತು.

ಹೆಂಡತಿ ಅದನ್ನು ಬಿಚ್ಚಿ ನೋಡಿ ಕಣ್ಣು ಮುಚ್ಚಿಕೊಂಡಳು. ಮಾವ ಮಾತ್ರ ಎರಡು ಗಂಟು ಮುಗಿಸಿ, ನೀರು ಕುಡಿದು, ಬಾಯಿ ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿ ಅಂದರು:

'ಇದ್ನ ತಿನ್ನಕ್ಕಾ ಜನ ದುಡ್ ಕೊಟ್ಟು ಓಯ್ತಾರೆ? ಉಚ್ಚು ಜನ!'

ಗುಂಡ್ಲುಪೇಟೆಯಲ್ಲಿ ನಮಗೆ ಯಾರೂ ಇಲ್ಲ

ಕೊನೆಯ ದಿನ. ಗೋಪಾಲಸ್ವಾಮಿ ಬೆಟ್ಟ ನೋಡಿಕೊಂಡು ಗುಂಡ್ಲುಪೇಟೆಗೆ ಬಂದಿದ್ದೆವು. ಮಧ್ಯಾಹ್ನದ ಬಸ್ಸಿಗೆ ಮೈಸೂರು, ಅಲ್ಲಿ ನಮ್ಮವ್ವ. ಹೆಂಡತಿ ಮುಖ ಊದಿಸಿಕೊಂಡಿದ್ದಳು. ನನಗೂ ಬೇಜಾರಾಗಿತ್ತು. ಇಷ್ಟು ಸಣ್ಣದೊಂದು ಮಾತು ನಡೆಸಿಕೊಡಲಾಗಲಿಲ್ಲವಲ್ಲ ಅಂತ ನಾಚಿಕೆಯೂ ಆಗಿತ್ತು.

ಬಸ್ಸು ನಿಲ್ಲುವ ಜಾಗದಲ್ಲೇ ಹೋಟೆಲು. ಒಳಗೆಲ್ಲ ಊಟಿಗೆ, ವಯನಾಡಿಗೆ ಹೋಗುವ ಲಾರಿಯವರು. ತಮಿಳು, ಮಲಯಾಳ, ಬೀಡಿ ಹೊಗೆ. 'ಇಲ್ಲಿ ನಿನಗೆ ಯಾರಾದರೂ ನಂಟರಿದ್ದಾರಾ?' ಅಂತ ಕೇಳಿದೆ. 'ಒಂದ್ ನರಪಿಳ್ಳೇನೂ ಇಲ್ಲ' ಅಂದಳು. ನುಗ್ಗಿದೆವು. ಕುರ್ಚಿಯ ಮೇಲೆಯೇ ಕೂತೆವು. ಎರಡು ಮಸಾಲೆ ಅಂತ ಹೇಳಿದೆ. ಒಳಗೆ ಕಾವಲಿ ಚೊರ್ರ್ ಅಂದಿತು. ಹೆಂಡತಿ ನನ್ನ ಕೈ ಹಿಡಿದುಕೊಂಡಳು.

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರಿಗೆ ಹೊತ್ತು ಹೋಗಬೇಕಲ್ಲ, 'ಯಾವೂರಾಯ್ತು?' ಅಂದರು. ನಾನು ಹುಷಾರಾಗಿ 'ಮೈಸೂರು' ಅಂದೆ. ಹೆಂಡತಿ ಖುಷಿಯಲ್ಲಿ ಮೈಮರೆತು 'ಉಡಿಗಾಲ' ಅಂದುಬಿಟ್ಟಳು.

'ಉಡಿಗಾಲ್ದಲ್ಲಿ ಯಾರ ಮನೆ?'

ಹೇಳಿದಳು.

'ನಿಮ್ಮವ್ವ ತೆರಕಣಾಂಬಿಯೋರಲ್ವಾ?'

'ಊ.'

ಯಜಮಾನರು ಬೆರಳು ಮಡಿಸಿ, ಬಿಡಿಸಿ, ಸೂರು ನೋಡಿ, ಕೊನೆಗೆ ನನ್ನ ಹೆಂಡತಿ ತಮ್ಮ ಹೆಂಡತಿಗೆ ದೂರದಿಂದ ತಂಗಿಯಾಗಬೇಕು ಅಂತ ಕಂಡುಹಿಡಿದರು. ಅದೇ ಹೊತ್ತಿಗೆ ದೋಸೆ ಮೇಜಿಗೆ ಬಂತು. ಕೆಂಪಗೆ, ಹೊಗೆಯಾಡುತ್ತ, ಮೇಲೆ ಬೆಣ್ಣೆ ಕರಗುತ್ತ. ಅವಳು ಕೈ ಹಾಕಬೇಕು, ಯಜಮಾನರು ಹಾರಿ ಬಂದು ತಟ್ಟೆ ಕಸಿದು ಮಾಣಿಯ ಕೈಗೆ ತುರುಕಿದರು.

'ಎತ್ತಲಾ ಇದ್ನ! ನಮ್ ಕೂಸು ಓಟ್ಲಲ್ಲಿ ತಿನ್ನದಾ? ನಾನೇನ್ ಸತ್ತೋಗಿದ್ದನಾ?'

'ಸ್ವಾಮಿ, ಇದು ನಿಮ್ಮದೇ ಹೋಟ್ಲು' ಅಂದೆ.

'ಅದ್ಕೇ ಕಣಪ್ಪ! ನನ್ ಓಟ್ಲಲ್ಲೇ ನನ್ ನಂಟ್ರು ತಿಂದ್ರೆ ಊರೋರು ಏನಂದಾರು? ಓಟ್ಲು ಮಡಗಿರದು ದಿಕ್ಕುದೆಸೆ ಇಲ್ದೋರ್ಗೆ. ನಿಮ್ಗೇನ್ ಬಂದಿರದು ರೋಗ?'

ಕನ್ನಡ ಬಲ್ಲ ನಾಲ್ಕೈದು ಗಿರಾಕಿಗಳು ತಿನ್ನುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ನಮ್ಮ ಎರಡು ದೋಸೆಯೂ ಪಕ್ಕದ ಮೇಜಿನ ಮಲಯಾಳಿ ಲಾರಿ ಡ್ರೈವರಿಗೆ ಹೋದವು. ಅವನು ಎರಡನ್ನೂ ಸುರುಳಿ ಸುತ್ತಿ ಬಾಯಿಗಿಟ್ಟದ್ದನ್ನು ನಾವು ಕಣ್ಣಾರೆ ಕಂಡೆವು.

ಯಜಮಾನರು ನಮ್ಮನ್ನು ಹಿಂದಿನ ಓಣಿಯ ಮನೆಗೆ ಎಳೆದುಕೊಂಡು ಹೋಗಿ, 'ನಿನ್ ತಂಗಿ ಬಂದವ್ಳೆ, ಮುದ್ದೆ ತಿರುವು' ಅಂತ ತಮ್ಮ ಹೆಂಡತಿಗೆ ಹೇಳಿ ಗಲ್ಲಾಪೆಟ್ಟಿಗೆಗೆ ವಾಪಸು ಓಡಿದರು. ನನ್ನ ಹೆಂಡತಿ ಕಂಬಕ್ಕೆ ಒರಗಿ ಅಳಲು ಶುರು ಮಾಡಿದಳು. ಈ ಸಲ ಈರುಳ್ಳಿ ಇರಲಿಲ್ಲ.

ಆ ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು, ಎಲ್ಲ ಕೇಳಿಸಿಕೊಂಡರು.

'ನಾ ಈ ಮನೇಗ್ ಬಂದಾಗ್ಲಿಂದ ಓಟ್ಲಿಗೆ ದಿನಾ ಇಟ್ಟು ರುಬ್ಬೋಳು ನಾನೇ ಕಣಮ್ಮಿ. ಒಂದ್ ದಿನ್ವಾದ್ರೂ ಬಿಸಿ ದೋಸೆ ಕಂಡಿಲ್ಲ. ಮಿಕ್ಕಿದ್ರೆ ತಣ್ಣಗಿರದ ತಂದು ಕೊಡ್ತರೆ' ಅಂದರು. ಆಮೇಲೆ ಮುದ್ದೆಯ ಕೋಲನ್ನು ಮೂಲೆಗೆ ಎಸೆದರು. ಸೆರಗನ್ನು ಮೂಗಿನವರೆಗೆ ಎಳೆದುಕೊಂಡರು. 'ಏಳು, ಓಗನ.'

ಹೋಟೆಲಿನ ಹಿಂಬಾಗಿಲಿಂದಲ್ಲ, ಮುಂಬಾಗಿಲಿಂದಲೇ ಹೋದರು. ಅಕ್ಕ ತಂಗಿ ಇಬ್ಬರೂ ಹೋಟೆಲಿನ ನಟ್ಟನಡುವಿನ ಮೇಜಿಗೆ ಕೂತರು. ನಾನು ಹೆದರಿಕೊಂಡು ಗೋಡೆ ಪಕ್ಕಕ್ಕೆ ಕೂತೆ. ಯಜಮಾನರು ಸೆರಗಿನೊಳಗಿನ ಮುಖ ನೋಡಿ ಬಿಳುಚಿಕೊಂಡರು. ಬೈಯುವ ಹಾಗಿಲ್ಲ, ಬೈದರೆ ತಮ್ಮ ಹೆಂಡತಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಎಬ್ಬಿಸುವ ಹಾಗೂ ಇಲ್ಲ, ಅವರು ಏಳುವ ಹಾಗೆ ಕೂತಿರಲಿಲ್ಲ. ಕೊನೆಗೆ ಯಾರೋ ಗುರುತಿಲ್ಲದವರನ್ನು ಕೇಳುವ ಹಾಗೆ ದೊಡ್ಡ ದನಿಯಲ್ಲಿ, 'ಯಾವೂರವ್ವಾ ನಿಮ್ದು?' ಅಂದರು.

'ತೆರಕಣಾಂಬಿ ಕಣಣ್ಣ' ಅಂದರು ಅವರ ಹೆಂಡತಿ. 'ಎರಡು ಮಸಾಲೆ ಏಳಣ್ಣ. ಬೆಣ್ಣೆ ಜಾಸ್ತಿ ಆಕ್ಸು.'

ನಾನು ಕುಡಿಯುತ್ತಿದ್ದ ನೀರು ಮೂಗಿಗೆ ಹೋಯಿತು.

ದೋಸೆ ಬಂತು. ನನ್ನ ಹೆಂಡತಿ ತುದಿ ಮುರಿದಳು, ಗರಕ್ ಅಂತ ಸದ್ದಾಯಿತು. ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿ ನಕ್ಕಳು. ನನಗೆ ಅವತ್ತು ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಮದುವೆಯ ದಿನ ನನಗೆ ಜ್ವರ ಬಂದಿತ್ತು, ಅದೂ ಒಂದು ಕಾರಣ.

ಪಕ್ಕದ ಮೇಜಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕಪ್ಪನಿಗೆ ಮರುಕ ಹುಟ್ಟಿತು. 'ಪಾಪ, ಇಬ್ಬರೇ ಎಣ್ಣುಮಕ್ಳು ಓಟ್ಲಿಗೆ ಬಂದಿದ್ದೀರಲ್ಲವ್ವ. ಗಂಡ ಅನ್ನೋನು ಇಲ್ವಾ?' ಅಂತ ಅಕ್ಕನನ್ನು ಕೇಳಿದ.

'ಅವ್ನೆ ಕಣಪ್ಪ, ಗುಂಡುಕಲ್ಲಂಗವ್ನೆ' ಅಂದರು ಅಕ್ಕ, ಗಲ್ಲಾಪೆಟ್ಟಿಗೆಯ ಕಡೆ ನೋಡದೆ. 'ಊರೋರ್ಗೆಲ್ಲ ಬಿಸಿಬಿಸಿ ಇಕ್ತಾನೆ. ನಂಗೆ ಮಾತ್ರ ತಂಗಳು.'

ಮುದುಕಪ್ಪನಿಗೆ ಸಿಟ್ಟು ಬಂತು. ಗಲ್ಲಾಪೆಟ್ಟಿಗೆಯ ಕಡೆ ತಿರುಗಿದ.

'ಕೇಳಿದ್ರಾ ಯಜಮಾನ್ರೇ? ಎಂಥ ಮುಟ್ಠಾಳ ಇರಬೇಕು ಅವ್ನು! ನೀವೇ ಏಳಿ, ಅವ್ನಿಗೆ ಒಸಿನಾರ ಬುದ್ಧಿ ಅದಾ?'

ಇಡೀ ಹೋಟೆಲು ಉತ್ತರಕ್ಕೆ ಕಾಯಿತು. ಯಜಮಾನರು ಎದ್ದರು. ಒಳಗಿನಿಂದ ತಾವೇ ಒಂದು ಬಿಸಿ ದೋಸೆ ತಂದು ತಮ್ಮ ಹೆಂಡತಿಯ ತಟ್ಟೆಗೆ ಇಟ್ಟರು. ಅದರ ಮೇಲೆ ಇನ್ನೊಂದು ಉಂಡೆ ಬೆಣ್ಣೆ ಇಟ್ಟರು.

'ಎಲ್ಲಿ ಬಂತು ಬುದ್ಧಿ' ಅಂದರು. 'ನಾಯಿ ನನ್ಮಗ.'