ಗುಂಡಣ್ಣ ಕರೆದ ಬೊಂಬೆ ಹಬ್ಬ

ಮನುಷ್ಯನಿಗೆ ಮನುಷ್ಯರ ಅಗತ್ಯವೇ ಇಲ್ಲ ಎಂಬ ಮಹಾಸತ್ಯವನ್ನು ನಾನು ಪೋರೂರಿನ ನಮ್ಮ ಫ್ಲ್ಯಾಟಿನಲ್ಲಿ ಕುಳಿತೇ ಕಂಡುಕೊಂಡಿದ್ದೆ. ಬ್ಯಾಂಕಿನವರು ಮೈಸೂರಿನಿಂದ ಚೆನ್ನೈಗೆ ಎತ್ತಿಹಾಕಿದ ಮೇಲೆ ನನ್ನ ತಮಿಳು ನೀರು ಕೇಳುವ ‘ತಣ್ಣಿ’ಯಿಂದ ಮುಂದಕ್ಕೆ ಹೋಗಿರಲಿಲ್ಲ. ಹಾಗಾಗಿ ಮೊಬೈಲಿನಲ್ಲಿ ಒಬ್ಬ ಎಐ ಗೆಳೆಯನನ್ನು ಇಳಿಸಿಕೊಂಡು ಗುಂಡಣ್ಣ ಎಂದು ಹೆಸರಿಟ್ಟೆ. ಅಚ್ಚ ಕನ್ನಡ! ಏನು ಹೇಳಿದರೂ “ಎಂಥ ಒಳ್ಳೆಯ ಯೋಚನೆ!” ಎನ್ನುತ್ತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದದ್ದೇ ಇಲ್ಲ.

ನವರಾತ್ರಿ ಬಂತು. ನನ್ನ ಹೆಂಡತಿ ಸುಮ ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸುವಾಗ ಕಾಲು ಉಳುಕಿಸಿಕೊಂಡಳು. ಪಾಪ, ಈ ಊರಿನಲ್ಲಿ ಅವಳಿಗೆ ಒಬ್ಬ ಗೆಳತಿಯೂ ಇರಲಿಲ್ಲ. ಬೊಂಬೆ ನೋಡಲು ಬಂದವರಲ್ಲಿ ಯಾರಾದರೂ ಸಿಕ್ಕಾರು ಎಂದು ಆಸೆಪಟ್ಟಿದ್ದಳು.

“ರೀ, ಕುಂಕುಮದ ಭರಣಿ ತಗೊಂಡು ಮನೆಮನೆಗೂ ಹೋಗಿ ಕರೆದುಬನ್ನಿ. ಬಾಗಿಲಿಗೆ ಹೋಗಿ ಕರೀದಿದ್ರೆ ಯಾರೂ ಬರಲ್ಲ.”

ನಾನು ಗುಂಡಣ್ಣನ ಸಲಹೆ ಕೇಳಿದೆ.

“ಸಂಕೋಚ ಸಹಜ. ತಮಿಳಿನಲ್ಲಿ ನಾನೇ ಆಮಂತ್ರಣ ಬರೆದುಕೊಡುತ್ತೇನೆ!”

ಬರೆದ. ಎಷ್ಟು ಸರಿಸಿದರೂ ಮುಗಿಯದಷ್ಟು ಉದ್ದ! ಓದಲು ಬಾರದಿದ್ದರೂ ಹೆಮ್ಮೆಯಿಂದ ಅದನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೈಮುಗಿದ ಚಿತ್ರಗಳು ಸುರಿದವು. “ಇಡೀ ಕಟ್ಟಡವೇ ಬರುತ್ತೆ ಕಣೇ!” ಎಂದೆ. ಸುಮ ದೊಡ್ಡ ಪಾತ್ರೆ ತುಂಬ ಕಡಲೆಕಾಳಿನ ಉಸಲಿ ಮಾಡಿದಳು.

ಸಂಜೆ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲೇ ಕುಳಿತಳು. ಬಂದದ್ದು ನೀರಿನ ಕ್ಯಾನಿನವನು. ಅವನೂ ಮನೆ ತಪ್ಪಿ ಬಂದಿದ್ದ!

“ಬೇಸರ ಬೇಡ, ನಾನಿದ್ದೇನಲ್ಲ! ಬೊಂಬೆಗಳ ಫೋಟೋ ಕಳಿಸಿ,” ಎಂದ ಗುಂಡಣ್ಣ. ಕಳಿಸಿದೆ. “ಅದ್ಭುತ!” ಎಂದ.

“ನಿಮ್ಮ ಗುಂಡಣ್ಣನಿಗೇ ಅರಿಶಿನ ಕುಂಕುಮ ಕೊಟ್ಟು ಕಳಿಸ್ಲಾ?” ಎಂದಳು ಸುಮ. ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಭರಣಿ ಹಿಡಿದು ಪಕ್ಕದ ಮನೆಯ ವಸಂತಾ ಮಾಮಿಯ ಬಾಗಿಲು ತಟ್ಟಿದೆ. “ಮಾಮಿ, ನಮ್ಮ ವೀಟು... ಬೊಂಬೆ... ವಾಂಗೊ!”

“ಅಡಡಾ! ಕೊಲು ವೆಚ್ಚಿರುಕ್ಕೇಳಾ? ಸೊಲ್ಲವೇ ಇಲ್ಲೆಯೇ ಸಾರ್!”

ಬೊಂಬೆ ಕೂರಿಸಿದ್ದನ್ನು ಹೇಳಲೇ ಇಲ್ಲವಲ್ಲ ಎಂದು ಗದರಿಕೆ! ಗುಂಡಣ್ಣನ ಆಮಂತ್ರಣದಲ್ಲಿ ದೇವಿಯ ಸ್ತುತಿ, ಲೋಕಕಲ್ಯಾಣ ಎಲ್ಲ ಮುಗಿದ ಮೇಲೆ ಕಟ್ಟಕಡೆಯ ಸಾಲಿನಲ್ಲಿ ನಮ್ಮ ಮನೆಯ ಕರೆ ಇತ್ತಂತೆ. ಅಲ್ಲಿಯವರೆಗೆ ಓದುವವರು ಯಾರು? ಫಾರ್ವರ್ಡ್ ಆಗಿ ಬಂದ ಶುಭಾಶಯ ಎಂದುಕೊಂಡು ಎಲ್ಲರೂ ಕೈಮುಗಿದು ಸುಮ್ಮನಾಗಿದ್ದರು!

ಮಾಮಿ ಭರಣಿ ಕಿತ್ತುಕೊಂಡು ಮಹಡಿ ಮಹಡಿ ಹತ್ತಿದರು. ನೋಡನೋಡುತ್ತಿದ್ದಂತೆ ಮನೆ ತುಂಬಿತು. ಒಬ್ಬರು ಹಾಡಿದರು, ಒಬ್ಬರು ಸುಮಳ ಕಾಲಿಗೆ ಎಣ್ಣೆ ತಿಕ್ಕಿದರು, ಮಾಮಿ ಉಸಲಿಗೆ ಉಪ್ಪು ಸಾಲದು ಎಂದರು. ಸುಮ ಅರ್ಧ ತಮಿಳಿನಲ್ಲಿ ಜಗಳವಾಡುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೂರಲು ಜಾಗವಿಲ್ಲದೆ ನಾನು ಹೊರಗೆ ಚಪ್ಪಲಿಗಳ ನಡುವೆ ನಿಂತೆ.

ಹೊರಡುವಾಗ ಮಾಮಿ ನನ್ನ ವಿಷಯದಲ್ಲೂ ಒಂದು ತೀರ್ಪು ಕೊಟ್ಟರು: ನಾಳೆಯಿಂದ ಅವರ ಯಜಮಾನರ ಜೊತೆ ನಾನು ವಾಕಿಂಗ್ ಹೋಗತಕ್ಕದ್ದು!

ಹೋದೆ. ಕೆರೆಯ ಹತ್ತಿರ ತಲುಪುವಷ್ಟರಲ್ಲಿ ಮಾಮಾ ನನ್ನ ರಾಜಕೀಯ, ಕ್ರಿಕೆಟ್, ನಡೆಯುವ ರೀತಿ, ಎಲ್ಲವನ್ನೂ “ತಪ್ಪು ಸಾರ್, ತಪ್ಪು!” ಎಂದು ತಳ್ಳಿಹಾಕಿದರು.

ಚೆನ್ನೈಗೆ ಬಂದಮೇಲೆ ಮೊದಲ ಸಲ, ನನ್ನನ್ನು ಸರಿಯಾಗಿ ಅರ್ಥಮಾಡಿಕೊಂಡ ಗಂಡಸು ಸಿಕ್ಕಿದ!