ಬಸಪ್ಪನ ಹೊಲದ ರಸ್ತೆ

ದಾರಿ ಕೇಳುವುದೆಂದರೆ ನನಗೆ ಮದುವೆ ಊಟದಲ್ಲಿ ಮೂರನೇ ಹೋಳಿಗೆ ಕೇಳಿದಷ್ಟು ಸಂಕೋಚ. ಶಿಗ್ಗಾಂವಿಯ ಸುತ್ತಲಿನ ಹಳ್ಳಿಗಳಲ್ಲಿ ಜೀಪು ಹಾಕಿಕೊಂಡು ತಿರುಗುವ ದನದ ಡಾಕ್ಟರನಿಗೆ ಇದು ಇರಬಾರದು, ಆದರೆ ಇದೆ. ಕೇಳಿದರೆ ನಮ್ಮ ಜನ ದಾರಿಯನ್ನಷ್ಟೇ ಹೇಳಿ ಬಿಡುವುದಿಲ್ಲ. ಚಹಾ ಕುಡಿಸಿ, ತಮ್ಮ ಎಮ್ಮೆಯನ್ನೂ ತೋರಿಸಿಯೇ ಕಳಿಸುತ್ತಾರೆ. ಅದಕ್ಕೇ ಜಿಪಿಎಸ್ ಕೊಳ್ಳಲು ಹೊರಟೆ. ಕೈಯಲ್ಲಿ ಹಿಡಿಯುವುದೋ, ಜೀಪಿಗೆ ಕೂರಿಸುವುದೋ, ಮೊಬೈಲಿನ ನಕ್ಷೆಯೇ ಸಾಕೋ ಎಂದು ಎರಡು ತಿಂಗಳು ತಲೆ ಕೆಡಿಸಿಕೊಂಡೆ. "ಕೇಳಿಕೋತ ಹೋದ್ರ ಬಾಯಿ ಸವೀತೈತೇನ್ರಿ?" ಎಂದಳು ಹೆಂಡತಿ. ಆಕೆಗೆ ಉಪಗ್ರಹದ ಮಹಿಮೆ ಏನು ಗೊತ್ತು! ಕೊನೆಗೆ ನೆಟ್‌ವರ್ಕ್ ಇಲ್ಲದಿದ್ದರೂ ಚಕ್ಕಡಿ ದಾರಿ ತೋರಿಸುವ ದುಬಾರಿ ಯಂತ್ರವೊಂದನ್ನು ತಂದೆ.

ಅದರ ನಕ್ಷೆಗೆ ಯಾರು ಬೇಕಾದರೂ ಮೊಬೈಲಿನಿಂದಲೇ ಹೊಸ ದಾರಿ ಸೇರಿಸಬಹುದಿತ್ತು, ಸೇರಿಸಿದ್ದು ಎಲ್ಲರಿಗೂ ಕಾಣುತ್ತಿತ್ತು. ಬೇಸಿಗೆಯಲ್ಲಿ ಹಿರೇಬೆಂಡಿಗೇರಿಯ ಬಸಪ್ಪನ ಹೊಲದ ಮನೆಗೆ ಖಾಲಿ ಹೊಲ ದಾಟಿ ಹೋಗಿದ್ದೆ. ಯಂತ್ರದಲ್ಲಿ ಮೂಡಿದ ಆ ಗೆರೆಯನ್ನೇ ರಸ್ತೆಯೆಂದು ಸೇರಿಸಿ, ಸಮಾಜಸೇವೆ ಮಾಡಿದವನಂತೆ ಬೀಗಿದೆ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಎಲ್ಲ ಹೊಲವೂ ರಸ್ತೆಯೇ. ಬಿತ್ತಿದ ಮೇಲೆ ಯಾವುದೂ ಅಲ್ಲ. ಉಪಗ್ರಹಕ್ಕೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದೂ ಮರೆತಿತ್ತು.

ಮಳೆಗಾಲದಲ್ಲಿ ಬಸಪ್ಪನ ಫೋನು ಬಂತು. "ಡಾಕ್ಟರ್ರ, ಎಮ್ಮಿ ಬೆಳಗಿಂದ ತಿಣಕಾಕತ್ತೈತ್ರಿ. ಕರ ಅಡ್ಡ ಬಂದಂಗೈತಿ, ಲಗೂನ ಬರ್ರಿ. ದಾರಿ ಹೇಳ್ತೇನಿ ಕೇಳ್ರಿ..." "ಬ್ಯಾಡೋ ಮಾರಾಯ, ಯಂತ್ರ ಐತಿ" ಎಂದು ಹೊರಟೆ. ಹೊಲದ ಅಂಚಿಗೆ ಬಂದರೆ ಎದುರಿಗೆ ಆಗಷ್ಟೇ ಮೊಳೆತ ಗೋವಿನಜೋಳ. ಮನಸ್ಸು ಬೇಡವೆಂದಿತು, ಯಂತ್ರ ನೇರ ನಡೆ ಎಂದಿತು. ದುಡ್ಡು ಕೊಟ್ಟದ್ದು ಯಂತ್ರಕ್ಕಲ್ಲವೇ, ಅದರ ಮಾತೇ ಕೇಳಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಜೀಪು ಎರೆಮಣ್ಣಿನಲ್ಲಿ ಅರ್ಧ ಗಾಲಿ ಹೂತು ನಿಂತಿತು. ದೂರದಿಂದ ಎಮ್ಮೆಯ ನರಳಾಟ ಕೇಳುತ್ತಿತ್ತು. ಚೀಲ ಹೊತ್ತು ಕೆಸರಿನಲ್ಲಿ ಬೀಳುತ್ತ ಏಳುತ್ತ ಓಡಿದೆ. ನನ್ನ ಸಂಕೋಚಕ್ಕೆ ಎರಡು ಜೀವ ಹೋಗುತ್ತವಲ್ಲ ಎಂದು ನಿಜಕ್ಕೂ ಹೆದರಿದ್ದೆ.

ಪುಣ್ಯಕ್ಕೆ ಕರುವೂ ಉಳಿಯಿತು, ಎಮ್ಮೆಯೂ ಉಳಿಯಿತು. ಬಸಪ್ಪ ಎತ್ತು ಹೂಡಿ ಜೀಪನ್ನು ಎಳೆದು ಅಂಗಳಕ್ಕೆ ತಂದು ನಿಲ್ಲಿಸಿದ. ಚಹಾ ಕೊಡುತ್ತ, "ಮೊನ್ನಿ ಗೊಬ್ಬರದ ಗಾಡಿನೂ ಅಲ್ಲೇ ಸಿಕ್ಕಿತ್ರಿ. ನಕ್ಷಾದಾಗ ಯಾವನೋ ಹುಚ್ಚ ನನ್ನ ಹೊಲದಾಗ ರಸ್ತಾ ಮಾಡ್ಯಾನಂತ. ಸಿಕ್ರ ಅವನ್ನ ನೊಗಕ್ಕ ಕಟ್ಟತೇನಿ!" ಎಂದ.

"ಇಂಥವರನ್ನ ಸುಮ್ಮನ ಬಿಡಬಾರದು ನೋಡು" ಎಂದು ಗಂಭೀರವಾಗಿ ಹೇಳಿ, ಮೊಬೈಲು ತೆಗೆದು ಆ ರಸ್ತೆಯನ್ನು ಗುಟ್ಟಾಗಿ ಅಳಿಸಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಊರಿಗೆ ಹೋಗುವ ದಾರಿ ಯಾವುದೆಂದು ಬಸಪ್ಪನನ್ನೇ ಕೇಳಿದೆ.